ಯಾವೂರು ಎಂದು ಮೊದಲು ಕೇಳಿದ ತಬಸ್ಸುಮ

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಎಲ್ಲರೂ ಅವಳನ್ನು ಕಂಪ್ಯೂಟರ್ ತಬಸ್ಸುಮ ಎನ್ನುತ್ತಾರೆ. ನನಗೆ ಅವಳು ಈಗಲೂ ನನ್ನ ಗೆಳತಿ ಶಹಜಾದಬಿಯ ಮಗಳು. ಬೀಡಿ ಎಲೆಯ ಬುಟ್ಟಿಯ ಪಕ್ಕದಲ್ಲಿ ಹಳೆಯ ಸೀರೆಯ ಮೇಲೆ ಮಲಗಿ, ಎದ್ದರೆ ಅಳದೆ ಸುಮ್ಮನೆ ಸುತ್ತ ನೋಡುತ್ತಿದ್ದ ಕೂಸು. ಆ ಕೂಸಿಗೆ ಈಗ ಕನ್ನಡಕ ಬಂದಿದೆ. ಕಿವಿಯ ಹತ್ತಿರ ಬಿಳಿ ಕೂದಲೂ ಬಂದಿವೆ.

ಶಹಜಾದಬಿ ಮತ್ತು ನಾನು ಒಂದೇ ಕಟ್ಟೆಯ ಮೇಲೆ ಕೂತು ಬೀಡಿ ಕಟ್ಟಿದವರು. ನಾನು ಉಗಾರ ಬುದ್ರುಕದಿಂದ ಮದುವೆಯಾಗಿ ಈ ಓಣಿಗೆ ಬಂದಾಗ ಮೊದಲು ಮಾತಾಡಿಸಿದವಳು ಅವಳೇ. ಹೆಸರು ಕೇಳಲಿಲ್ಲ.

"ಯಾವೂರವ್ವಾ ನಿಂದು?" ಎಂದಳು.

ಊರು ಹೇಳಿದೆ.

"ಹಂಗಾದ್ರ ಕೃಷ್ಣಾ ನೀರ ಕುಡದಾಕಿ. ಇಲ್ಲೀ ನೀರ ನಿನಗ ಸಪ್ಪಗ ಹತ್ತತೈತಿ. ರೂಢಿ ಮಾಡ್ಕೋ" ಎಂದು ತಂಬಿಗೆಯನ್ನು ನನ್ನ ಮುಂದೆ ಇಟ್ಟಳು.

ಅವಳು ಯಾರನ್ನು ಕಂಡರೂ ಹಾಗೆಯೇ. ಬಳೆಗಾರನಿರಲಿ, ಎಣ್ಣೆ ಮಾರುವವನಿರಲಿ, ದಾರಿ ತಪ್ಪಿ ಬಂದವರಿರಲಿ, ಮೊದಲು ಊರು, ಆಮೇಲೆ ನೀರು, ಹೆಸರು ಎಲ್ಲಕ್ಕಿಂತ ಕೊನೆಗೆ. "ಒಂದs ಹೆಸರಿನವರು ಸಂತಿ ತುಂಬ ಇರ್ತಾರ. ಊರ ಹೇಳಿದ್ರ ಮನಿಷಾ ತಿಳೀತಾನ" ಎನ್ನುತ್ತಿದ್ದಳು. ತಬಸ್ಸುಮ ಮಾತು ಕಲಿತಾಗ ಅವಳೂ ಇದನ್ನೇ ಕಲಿತಳು. ಮೂರು ವರ್ಷದ ಹುಡುಗಿ ಬಾಗಿಲಲ್ಲಿ ನಿಂತು, ಬೀಡಿಗೆ ತುಂಬುವ ಜರ್ದಾದ ಚೀಲ ಹೊತ್ತು ತಂದ ಗಡ್ಡದ ಆಳಿಗೆ "ಯಾವೂರು?" ಎಂದು ಕೇಳಿದರೆ ಕಟ್ಟೆಯ ಮೇಲಿನ ಹೆಂಗಸರೆಲ್ಲ ಕತ್ತರಿ ಬಿಟ್ಟು ನಗುತ್ತಿದ್ದೆವು.

ಆ ಕಟ್ಟೆಯ ದಿನಗಳು ಈಗ ನೆನೆದರೆ ಹೊಗೆಸೊಪ್ಪಿನ ಘಾಟು ಕೂಡ ಒಳ್ಳೆಯದೇ ಅನ್ನಿಸುತ್ತದೆ. ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ ಬೆಳಿಗ್ಗೆ ಮೆತ್ತಗಾಗಿರುತ್ತಿತ್ತು. ತಗಡಿನ ಅಳತೆ ಇಟ್ಟು ಕತ್ತರಿಸುವುದು, ಜರ್ದಾ ತುಂಬಿ ಸುತ್ತುವುದು, ತುದಿ ಮಡಚಿ ನೂಲು ಕಟ್ಟುವುದು. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಬಾಯಿಗೆ ಬಿಡುವು. ಆ ಬಿಡುವಿನಲ್ಲಿ ಹುಟ್ಟಿದವು ಶಹಜಾದಬಿಯ ಒಡಪುಗಳು.

ಒಡಪು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ. ಎರಡು ಸಾಲಿನ ಪದ ಕಟ್ಟಿ, ಅದರ ತುದಿಗೆ ಹೆಸರು ಸೇರಿಸಿ ಹೇಳಬೇಕು. ಮದುವಣಗಿತ್ತಿ ಹೊಸ್ತಿಲು ದಾಟುವಾಗ ನಾದಿನಿಯರು ಬಾಗಿಲು ಹಿಡಿದು ಹೇಳಿಸದೆ ಬಿಡುವುದಿಲ್ಲ. ಕನ್ನಡದವರು ಒಡಪು ಎನ್ನುತ್ತೇವೆ, ಮರಾಠಿಯವರು ಉಖಾಣೆ ಎನ್ನುತ್ತಾರೆ. ಶಹಜಾದಬಿಯ ಮನೆಯಲ್ಲಿ ಈ ಪದ್ಧತಿ ಇರಲಿಲ್ಲ. ನಮ್ಮ ಜೊತೆ ಕೂತು ಕೂತು ಕಲಿತಳು, ಕಲಿತವಳು ನಮ್ಮೆಲ್ಲರನ್ನೂ ಮೀರಿಸಿದಳು. ವರನ ಹೆಸರೊಂದು ಹೇಳಿದರೆ ಒಂದು ಬೀಡಿ ಸುತ್ತುವಷ್ಟರಲ್ಲಿ ಒಡಪು ಕಟ್ಟಿ ಕೊಡುತ್ತಿದ್ದಳು. ಕನ್ನಡದಲ್ಲಿ ಬೇಕೆಂದರೆ ಕನ್ನಡ, ಮರಾಠಿಯಲ್ಲಿ ಬೇಕೆಂದರೆ ಮರಾಠಿ. ಏಕಸಂಬಿ, ರಾಯಬಾಗ, ಅಥಣಿಯಿಂದ ಕೂಡ ಮದುವೆ ಮನೆಯವರು ಕೇಳಿಕೊಂಡು ಬರುತ್ತಿದ್ದರು.

ತನ್ನ ಗಂಡನ ಹೆಸರಿನದು ಮಾತ್ರ ಅವಳ ಬಾಯಿಂದ ನಾವು ಒಂದೂ ಕೇಳಲಿಲ್ಲ.

"ಏ ಶಹಜಾದಬಿ, ಊರ ಮಂದಿ ಗಂಡಂದಿರ ಹೆಸರೆಲ್ಲಾ ನಿನ್ನ ಬಾಯಾಗ ಅದಾವ. ನಿನ್ನ ಗಂಡಂದೊಂದು ಹೇಳ ನೋಡೂಣು" ಎಂದು ನಾವು ಕಾಡುತ್ತಿದ್ದೆವು.

"ನಮ್ಮಾಗ ಪದ್ಧತಿ ಇಲ್ಲ ಬೇ."

"ಪದ್ಧತಿ ಇಲ್ಲೋ, ನಾಚಿಕಿ ಬರತೈತೋ?"

"ಎರಡೂ ಅನ್ನು" ಎಂದು ಸೆರಗು ಎಳೆದು ಮುಖ ಮುಚ್ಚಿಕೊಳ್ಳುತ್ತಿದ್ದಳು. ಸೆರಗಿನ ಒಳಗೆ ನಗುತ್ತಿದ್ದಾಳೆ ಎಂಬುದು ಭುಜ ಅಲುಗುವುದರಿಂದ ತಿಳಿಯುತ್ತಿತ್ತು.

ಆ ಗಂಡ, ಅಕ್ಬರಸಾಬರು, ಅಂಗಡಿಗಳ ಬೋರ್ಡ್ ಬರೆಯುತ್ತಿದ್ದರು. ಹೊಗೆಸೊಪ್ಪು ತುಂಬಿಡುವ ವಖಾರಗಳ ಮೇಲಿನ ಹೆಸರು, ಹಿಟ್ಟಿನ ಗಿರಣಿ, ಬಟ್ಟೆ ಅಂಗಡಿ, ಎತ್ತಿನ ಗಾಡಿಯ ಹಿಂದಿನ ಹಲಗೆ, ಎಲ್ಲ ಅವರದೇ ಕೈ. ವಿಚಿತ್ರವೆಂದರೆ ಅವರಿಗೆ ಯಾವ ಲಿಪಿಯೂ ಓದಲು ಬರುತ್ತಿರಲಿಲ್ಲ. ಗಿರಾಕಿ ಚೀಟಿಯಲ್ಲಿ ಬರೆದು ಕೊಟ್ಟರೆ, "ಮ್ಯಾಲಿನ ಬಾಜೂ ಯಾವುದ್ರಿ?" ಎಂದು ಒಮ್ಮೆ ಕೇಳಿಕೊಂಡು, ಗೆರೆಗೆ ಗೆರೆ, ಚುಕ್ಕೆಗೆ ಚುಕ್ಕೆ ದೊಡ್ಡದು ಮಾಡಿ ಬರೆಯುತ್ತಿದ್ದರು. ಗೆರೆ ಹೊಡೆಯುವ ಸುಣ್ಣದ ದಾರದ ಒಂದು ತುದಿ ಹಿಡಿದು ನಿಲ್ಲುವುದು ತಬಸ್ಸುಮಳ ಕೆಲಸ. ಸಾಲೆಗೆ ಹೋಗುವ ಮೊದಲೇ ಅವಳಿಗೆ ಕನ್ನಡ, ಮರಾಠಿ, ಉರ್ದು ಅಕ್ಷರಗಳ ಆಕಾರ ಗೊತ್ತಿತ್ತು. ಅರ್ಥ ಆಮೇಲೆ ಬಂತು.

ಮುಂದೆ ಬೋರ್ಡುಗಳನ್ನು ಮಶೀನು ಬರೆಯತೊಡಗಿತು. ಅಕ್ಬರಸಾಬರ ಬಣ್ಣದ ಡಬ್ಬಿಗಳು ಮಾಳಿಗೆ ಸೇರಿದವು. ಮಗಳು ಚಿಕ್ಕೋಡಿಗೆ ಹೋಗಿ ಕಂಪ್ಯೂಟರ್ ಕಲಿತಳು, ಅಲ್ಲೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಖೋಲಿ ನೋಡಿಕೊಳ್ಳುತ್ತ ಜಾವಾ ಎಂಬ ವಿದ್ಯೆ ಹಿಡಿದಳು. ಆಗ ನಾನು ಕೇಳಿದ್ದೆ, "ಜಾವಾ ಅಂದ್ರ ಮೋಟಾರ್ ಸೈಕಲ್ ಅಲ್ಲೇನ?" ಎಂದು. "ಅದು ಬ್ಯಾರೆ ಮಾವಶಿ, ಇದು ಕಂಪ್ಯೂಟರಿಗೆ ಕೆಲಸ ಹಚ್ಚೂ ಭಾಷಾ" ಎಂದಳು. ನನ್ನನ್ನು ಅವಳು ಕರೆಯುವುದು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ. ಮದುವೆಯಾದದ್ದು ಮೋಟರ್ ವೈಂಡಿಂಗ್ ಮಾಡುವ ಅರ್ಮಾನನನ್ನು, ಇದೇ ಓಣಿಯಲ್ಲಿ. ಅಕ್ಬರಸಾಬರು ತೀರಿಕೊಂಡ ಮೇಲೆ ಚಿಕ್ಕೋಡಿಯ ಕೆಲಸ ಬಿಟ್ಟು ಬಂದು, ನಮ್ಮ ಬೀಡಿ ಹೆಂಗಸರ ಸಂಘದ ಖೋಲಿಯಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸಲು ಕೂತಳು. ನಾನು ಅದೇ ಖೋಲಿಯಲ್ಲಿ, ಅವಳ ಪಾಠ ಮುಗಿದ ಮೇಲೆ, ಅಆಇಈ ಕಲಿತೆ.

ಒಡಪುಗಳನ್ನು ಉಳಿಸಿ ಇಡಬೇಕು ಎಂಬುದು ತಬಸ್ಸುಮಳ ಹಟ. ಈಗಿನ ಹುಡುಗಿಯರು ಹೊಸ್ತಿಲಲ್ಲಿ ನಿಂತು ಮೊಬೈಲ್ ನೋಡಿ ಎಲ್ಲಿಯದೋ ಸಾಲು ಓದುತ್ತಾರೆ, ನಮ್ಮವು ಮುದುಕಿಯರ ಜೊತೆ ಹೋಗುತ್ತಿವೆ ಎಂದು ಅವಳ ಸಂಕಟ. ಅದಕ್ಕೆ ಒಂದು ಜಾಲತಾಣ ಮಾಡಿದಳು. ಅದರಲ್ಲಿ ಒಂದು ಫಾರ್ಮ್. ಊರು, ಹೆಸರು, ಒಡಪು ಎಂದು ಮೂರು ಚೌಕ. ಯಾವ ಊರಿನಿಂದಾದರೂ ಮೊಮ್ಮಕ್ಕಳು ಅಜ್ಜಿಯ ಬಾಯಿಂದ ಕೇಳಿ, ಮೊಬೈಲಿನಲ್ಲೇ ಬರೆದು ಕಳಿಸಬಹುದು. ಕಳಿಸಿದ ಕೂಡಲೇ ಪರದೆಯ ಮೇಲೆ "ಏಕಸಂಬಿ ಅಕ್ಕಾರ, ಬರ್ರಿ, ಕುಂಡ್ರರಿ" ಎಂದು ಬರುತ್ತಿತ್ತು. ರಾಯಬಾಗದವರಿಗೆ ರಾಯಬಾಗದ ಹೆಸರು, ಅಥಣಿಯವರಿಗೆ ಅಥಣಿಯದು. ಇದನ್ನು ಶಹಜಾದಬಿಗೆ ತೋರಿಸಿದಾಗ ಅವಳು ಬೆರಳಿನಿಂದ ಪರದೆ ಮುಟ್ಟಿ, "ಊರ ಕೇಳಿದಿ, ನೀರ ಎಲ್ಲಿ?" ಎಂದಳು.

ಒಂದು ಮಧ್ಯಾಹ್ನ ಶಹಜಾದಬಿ ತಾನಾಗಿಯೇ ಮಗಳನ್ನು ಕರೆದು, "ಬರಕೋ" ಎಂದಳಂತೆ. ಅಂದು ನಾನು ಕಣ್ಣು ತೋರಿಸಲು ಚಿಕ್ಕೋಡಿಗೆ ಹೋಗಿದ್ದೆ. ಮೊಬೈಲಿನಲ್ಲಿ ದನಿ ಹಿಡಿಯುತ್ತೇನೆ ಎಂದರೆ ಒಪ್ಪಲಿಲ್ಲ. "ದನಿ ಬ್ಯಾಡ, ನಾಚಿಕಿ ಬರತೈತಿ. ಬರಿ." ಹೀಗೆ ಕಟ್ಟೆಯ ಮೇಲೆ ಯಾರೂ ಕೇಳದಿದ್ದ ಒಡಪುಗಳು, ಅಕ್ಬರಸಾಬರ ಹೆಸರಿನವು, ಫಾರ್ಮಿನೊಳಗೆ ಹೋದವು. ಸಂಜೆ ನಾನು ಬಂದಾಗ ತಾಯಿ ಮಗಳು ಇಬ್ಬರ ಮುಖವೂ ಅರಳಿತ್ತು. "ಏನ ಹೇಳಿದಿ?" ಎಂದು ಕೇಳಿದೆ. "ನೀ ಓದಾಕ ಕಲತಿಯಲ್ಲಾ, ಓದ್ಕೋ" ಎಂದಳು. ಓದಿದರಾಯಿತು, ಎಲ್ಲಿಗೆ ಹೋಗುತ್ತವೆ ಎಂದುಕೊಂಡೆ, ಓದುವುದು ಹಾಗೆಯೇ ಉಳಿಯಿತು.

ಆ ಮಳೆಗಾಲದಲ್ಲಿ ಶಹಜಾದಬಿಗೆ ಲಕವಾ ಹೊಡೆಯಿತು. ಬಲಗೈ ಬಲಗಾಲು ಸತ್ತವು. ನಾಲಿಗೆಯೂ ನಿಂತಿತು. ಕಣ್ಣು ಮಾತ್ರ ಮೊದಲಿನ ಹಾಗೆಯೇ. ಯಾರಾದರೂ ಹೊಸಬರು ಬಂದರೆ ಆ ಕಣ್ಣು ಮಗಳ ಕಡೆ ತಿರುಗುತ್ತದೆ. ತಬಸ್ಸುಮ ತಾಯಿಯ ಬದಲು ಕೇಳುತ್ತಾಳೆ: "ಯಾವೂರ್ರಿ ನಿಮ್ಮದು?"

ನನ್ನ ಮೊಮ್ಮಗಳು ಸೀಮಾಳ ಮದುವೆ ಗೊತ್ತಾದದ್ದು ಈ ವರ್ಷ. ಅದೇ ಹೊತ್ತಿಗೆ ಸಂಘದ ಜಾಲತಾಣವನ್ನು ಹಳೆಯ ಮಶೀನಿನಿಂದ ಹೊಸದಕ್ಕೆ ಸಾಗಿಸಿದ್ದರು. ಸಾಗಿಸಿದವನು ಶ್ರೇಣಿಕ, ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟವನು. ಹಳೆಯ ಮಶೀನು ಕೆಟ್ಟು ಹೋದದ್ದರಿಂದ ಇದ್ದ ಬರಹವನ್ನೆಲ್ಲ ಹೊಸದರಲ್ಲಿ ತುಂಬಿ, ಪುಟಗಳನ್ನು ಹೊಸ ಪದ್ಧತಿಗೆ ಸರಿಮಾಡಿದ್ದ. ಸೀಮಾ ತನಗೊಂದು ಒಡಪು ಹುಡುಕಲು ಮೊಬೈಲಿನಲ್ಲಿ ಅದನ್ನು ತೆರೆದಳು.

"ಆಯಿ, ಇದೇನ ಬಂದೈತಿ ನೋಡ."

ಕನ್ನಡಕ ಹಾಕಿಕೊಂಡು ನೋಡಿದೆ. ಕನ್ನಡವಿಲ್ಲ, ಮರಾಠಿಯಿಲ್ಲ, ಇಂಗ್ಲಿಷೂ ಅಲ್ಲ. ತಲೆಯ ಮೇಲೆ ಗೀರು ಎಳೆದ ಇಂಗ್ಲಿಷ್ ಎ ಅಕ್ಷರ, ಪಕ್ಕದಲ್ಲಿ ಚಿಕ್ಕದೊಂದು ಎರಡರ ಅಂಕಿ, ಮತ್ತೇನೋ ಒಂದು ಗುರುತು, ಮತ್ತೆ ಗೀರಿನ ಎ. ಇರುವೆ ಸಾಲಿನ ಹಾಗೆ ಅವೇ ಅವೇ. ಎಲ್ಲರ ಒಡಪೂ ಹಾಗೆಯೇ ಆಗಿತ್ತು. ನಾವಿಬ್ಬರೂ ಚಪ್ಪಲಿ ಮೆಟ್ಟಿಕೊಂಡು ಸಂಘದ ಖೋಲಿಗೆ ಓಡಿದೆವು. ತಬಸ್ಸುಮ ನೋಡಿದಳು. ಪುಟವನ್ನು ಮೇಲೆ ಕೆಳಗೆ ಎಳೆದು ಎಳೆದು ತಾಯಿಯ ಒಡಪುಗಳಿದ್ದ ಜಾಗಕ್ಕೆ ಬಂದಳು. ಅಲ್ಲಿಯೂ ಅದೇ ಇರುವೆ ಸಾಲು.

ಶ್ರೇಣಿಕ ಬಂದ. ಒಳ್ಳೆಯ ಹುಡುಗ, ಆದರೆ ಎಲ್ಲದಕ್ಕೂ ಅವಸರ.

"ತಬಸ್ಸುಮಕ್ಕಾ, ಇದೆಲ್ಲಾ ಕಸ ಆಗೇತಿ. ಅಳಿಸಿ ಬಿಡೂಣು" ಎಂದ. "ಹೊಸಾದಾಗಿ ಚಾಲೂ ಮಾಡೂಣು. ಎಲ್ಲಾರನ್ನೂ ಮತ್ತೊಮ್ಮೆ ಕೇಳಿ ಬರಕೊಂಡ್ರ ಆತು."

"ಎಲ್ಲಾರನ್ನೂ ಕೇಳಬಹುದು ಅಣ್ಣಾ. ನಮ್ಮ ಅಮ್ಮೀನ ಹೆಂಗ ಕೇಳಲಿ?"

ಶ್ರೇಣಿಕ ಕೈಯಲ್ಲಿದ್ದ ಕೀಲಿಯನ್ನು ತಿರುಗಿಸುತ್ತ ನಿಂತ. "ನೀನs ಬರಕೊಂಡಾಕಿ ಅಲ್ಲೇನಕ್ಕಾ? ನೆನಪ ಇರಾಕ ಬೇಕಲ್ಲ?" ಎಂದ.

"ಬೆರಳ ಕೇಳಿದ್ವು, ಕಿವಿ ಕೇಳಲಿಲ್ಲ" ಎಂದಳು ತಬಸ್ಸುಮ. "ಎಲ್ಲಿ ತಪ್ಪ ಬೀಳತೈತೋ ಅಂತ ಅಕ್ಷರದ ಮ್ಯಾಲs ಲಕ್ಷ್ಯ. ಮೊದಲನೇದರ ಶುರುವಾತ ಅಷ್ಟು ನೆನಪೈತಿ. ನಿಪ್ಪಾಣಿ ಪ್ಯಾಟಿ ಅಂತ ಏನೋ ಇತ್ತು."

"ಬೇಕಾದ್ರ ಒಂದು ಪ್ರತಿ ಇಟ್ಟಿರ್ತೀನಿ. ಆದ್ರ ಓದಾಕ ಬರದ್ದನ್ನ ಇಟಗೊಂಡು ಏನ್ ಮಾಡ್ತಿ?"

"ಇರಲಿ. ಏನೂ ಅಳಿಸಬ್ಯಾಡ."

ಮುಂದಿನ ದಿನಗಳಲ್ಲಿ ನಾನು ಶಹಜಾದಬಿಯ ಹಾಸಿಗೆಯ ಹತ್ತಿರ ಕೂರುತ್ತಿದ್ದೆ. ತಬಸ್ಸುಮ ಅದೇ ಖೋಲಿಯ ಕಿಟಕಿಯ ಬಳಿ ಲ್ಯಾಪ್‌ಟಾಪ್ ಹಿಡಿದು ಕೂರುತ್ತಿದ್ದಳು. ತಾಯಿಗೆ ಏನೂ ಹೇಳಿರಲಿಲ್ಲ. ಗಂಜಿ ಕುಡಿಸುವಾಗ ನಗುಮುಖ, ತಿರುಗಿ ಕಿಟಕಿಗೆ ಹೋದರೆ ತುಟಿ ಕಚ್ಚಿಕೊಳ್ಳುವುದು. ಒಮ್ಮೆ ನಾನು ಎದ್ದು ಹೋಗಿ ಪಕ್ಕದಲ್ಲಿ ಕೂತು, ಸಣ್ಣ ದನಿಯಲ್ಲಿ ಕೇಳಿದೆ:

"ಅಕ್ಷರ ಹೆಂಗ ಬದಲಾದವು ತಬಸ್ಸುಮ? ನೀ ಕನ್ನಡಾನs ಬರದಿದ್ದಿ ಅಲ್ಲ?"

ಅವಳು ಬೇಸರ ಮಾಡದೆ ಹೇಳಿದಳು. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಫಾರ್ಮಿನಲ್ಲಿ ಬರೆದು ಕಳಿಸು ಎಂದು ಒತ್ತಿದಾಗ ಅಕ್ಷರಗಳು ಹೋಗುವುದಿಲ್ಲ, ಅಂಕಿಗಳು ಹೋಗುತ್ತವೆ. ಕನ್ನಡದ ಒಂದು ಅಕ್ಷರದ ಗುರುತಿಗೆ ಮೂರು ಅಂಕಿ. ಆ ಕಡೆ ಜಾವಾ ಕೂತಿರುತ್ತದೆ. ಅದಕ್ಕೆ ಇವು ಯುಟಿಎಫ್-8 ಎಂಬ ಲೆಕ್ಕದ ಅಂಕಿಗಳು, ಮೂರು ಕೂಡಿಸಿ ಓದು ಎಂದು ಹೇಳಬೇಕು. ಹೇಳದಿದ್ದರೆ ಅದು ತನ್ನ ಹಳೆಯ ರೂಢಿಯಂತೆ ಒಂದೊಂದು ಅಂಕಿಯನ್ನೂ ಒಂದೊಂದು ಪರದೇಶದ ಅಕ್ಷರ ಎಂದು ಓದುತ್ತದೆ.

"ಹಂಗಾರ ನೀ ಹೇಳಿರಲಿಲ್ಲೇನು?"

"ಹೇಳೀನಿ ಮಾವಶಿ. ಇಲ್ಲಿ ಐತಿ ನೋಡ್ರಿ ಸಾಲು. ಕಣ್ಣಿಗಿ ಕಾಣಾಕತ್ತೈತಿ. ಹೇಳಿದ್ರೂ ಕೇಳವಲ್ತು."

"ಹಿಂದ ಸರಿ ಕಾಣತಿತ್ತಲ್ಲ? ಹಳೇ ಮಶೀನಿನ್ಯಾಗ?"

"ಅದs ಮೋಸ. ಹಳೇದು ತಗೊಳ್ಳೂವಾಗೂ ತಪ್ಪ ಓದತಿತ್ತು, ತೋರಿಸೂವಾಗೂ ಅದs ತಪ್ಪನ್ನ ತಿರುವಿ ಹಾಕತಿತ್ತು. ದರ್ಗಾಕ್ಕ ಹೋಗೂ ಮುಂದ ಎಡ ಬಲ ಚಪ್ಪಲಿ ಅದಲಾಬದಲಿ ಬಿಟ್ಟು, ಬರೂ ಮುಂದ ಮತ್ತ ಅದಲಾಬದಲಿ ಆದಂಗ. ಕಾಲಿಗಿ ಸರಿ ಕೂಡತಿತ್ತು. ಶ್ರೇಣಿಕಣ್ಣ ಹೊಸಾ ಮಶೀನಿನ್ಯಾಗ ತೋರಿಸೂದನ್ನ ಸರಿ ಮಾಡ್ಯಾನ. ಅದಕ್ಕ ಹಳೇ ತಪ್ಪು ಹೊರಗ ಬಿತ್ತು. ಅವಂದೇನೂ ತಪ್ಪಿಲ್ಲ."

ಮರುದಿನ ನಾನು ಹೋದಾಗ ತಬಸ್ಸುಮ ಬಾಗಿಲಲ್ಲೇ ಸಿಕ್ಕಳು. ಅಳು ಬರುವುದೋ ನಗು ಬರುವುದೋ ತಿಳಿಯದ ಮುಖ.

"ಸಿಕ್ಕಿತು ಮಾವಶಿ. ತಪ್ಪು ನಮ್ಮ ಅಮ್ಮೀದು!"

"ಹುಚ್ಚಿ ಏನ ನೀ? ಮಲಗಿದಾಕೀ ಮ್ಯಾಲ ತಪ್ಪ ಹಾಕ್ತಿ?"

ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಅವಳು ಬರೆದ ಜಾವಾ ಮೇಲಿನಿಂದ ಕೆಳಗೆ ಒಂದೊಂದೇ ಸಾಲು ನಡೆಯುತ್ತದೆ. ಬಂದವರು ನಿಲ್ಲಬಾರದು, ಮೊದಲು ಅವರ ಊರು ಕೇಳಿ ಬರ್ರಿ ಕುಂಡ್ರರಿ ಅನ್ನಬೇಕು ಎಂದು ಎಲ್ಲಕ್ಕಿಂತ ಮೇಲೆ ಊರಿನ ಚೌಕ ಓದುವ ಸಾಲು ಇಟ್ಟಿದ್ದಳು. ಅದರ ಕೆಳಗೆ, ಇವು ಯುಟಿಎಫ್-8 ಎಂದು ಹೇಳುವ ಸಾಲು. ಆದರೆ ಜಾವಾಕ್ಕೆ ಒಂದು ಚೌಕ ಓದು ಎಂದರೂ ಅದು ಆಗಲೇ ಇಡೀ ಫಾರ್ಮನ್ನು ಬಿಚ್ಚಿ ಓದಿಕೊಂಡು ಬಿಡುತ್ತದೆ. ಆಮೇಲೆ ಏನು ಹೇಳಿದರೂ ಕೇಳುವುದಿಲ್ಲ, ತಡವಾಗಿ ಹೇಳಿದಿ ಎಂದು ಕೂಡ ತಿರುಗಿ ಹೇಳುವುದಿಲ್ಲ.

"ಎಲಿ ಇದ್ದಂಗ ಮಾವಶಿ. ಕತ್ತರಿ ಆಡಿಸೂಕಿಂತ ಮೊದಲs ನೆನಿಸಬೇಕು. ಒಣಾ ಎಲಿ ಕತ್ತರಿಸಿ ಆಮ್ಯಾಲ ಎಷ್ಟ ನೀರ ಹೊಡದ್ರೇನು? ಅಮ್ಮಿ ನನಗ ಎಲಿ ನೆನಿಸೂದೂ ಕಲಿಸಿದಳು, ಊರ ಕೇಳೂದೂ ಕಲಿಸಿದಳು. ನಾ ಊರ ಕೇಳೂದನ್ನ ಮೊದಲ ಇಟ್ಟೆ."

ನನಗೆ ನಗು ಬಂತು. ಬೇರೆ ಯಾವ ಊರಿನವರು ಮಾಡಿದ್ದರೂ ಆ ಲೆಕ್ಕ ಹೇಳುವ ಸಾಲನ್ನು ಮೊದಲು ಇಡುತ್ತಿದ್ದರು, ಸ್ವಾಗತವನ್ನು ಕೊನೆಗೆ ಇಡುತ್ತಿದ್ದರು. ಶಹಜಾದಬಿಯ ಮಗಳಿಂದ ಮಾತ್ರ ಈ ತಪ್ಪು ಆಗಲು ಸಾಧ್ಯ. ಹಾಸಿಗೆಯ ಮೇಲಿಂದ ಶಹಜಾದಬಿಯ ಕಣ್ಣು ನಮ್ಮಿಬ್ಬರನ್ನೂ ನೋಡುತ್ತಿದ್ದವು.

ತಬಸ್ಸುಮ ಆ ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿದಳು. ಹೊಸದಾಗಿ ನನ್ನ ಹೆಸರು ಬರೆದು ಕಳಿಸಿದಳು. ಸಕ್ಕುಬಾಯಿ ಎಂದು ಸೊಟ್ಟಾಗದೆ ಬಂತು. ನಾನು ಹಿಗ್ಗಿದೆ. ಅವಳು ಹಿಗ್ಗಲಿಲ್ಲ.

"ಇದು ಮುಂದ ಬರೂವರಿಗಿ ಆತು. ಕತ್ತರಿಸಿದ್ದು ಕತ್ತರಿಸಿದಂಗs ಐತಲ್ಲ" ಎಂದು ತಾಯಿಯ ಕಡೆ ನೋಡಿದಳು.

ಅಂದು ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟು ಜೋಳದ ಹಿಟ್ಟು ಹಾಕಿಸಲು ಗಿರಣಿಗೆ ಹೊರಟಳು. ನಾನೂ ನನ್ನ ಡಬ್ಬಿ ಹಿಡಿದು ಜೊತೆಗೆ ಹೋದೆ. ಆ ಗಿರಣಿಯ ಮೇಲೆ ಅಕ್ಬರಸಾಬರ ಬೋರ್ಡ್ ಇನ್ನೂ ಇದೆ. ಬಿಸಿಲಿಗೆ ಕೆಂಪು ಬಣ್ಣ ಇಟ್ಟಿಗೆಯ ಬಣ್ಣವಾಗಿದೆ. ಮೇಲೆ ಕನ್ನಡ, ಕೆಳಗೆ ಮರಾಠಿ. ನಮ್ಮ ಪಾಳಿ ಬರುವವರೆಗೆ ಕಟ್ಟೆಯ ಮೇಲೆ ಕೂತೆವು.

"ಮಾವಶಿ, ಈ ಬೋರ್ಡ ಬರೀವಾಗ ನಾ ದಾರ ಹಿಡದಿದ್ದೆ. ಅಬ್ಬಾಗ ಇದರಾಗಿಂದು ಒಂದಕ್ಷರಾನೂ ಓದಾಕ ಬರತಿರಲಿಲ್ಲ."

"ಆದ್ರೂ ಒಂದು ಚುಕ್ಕಿ ಬಿಟ್ಟಿಲ್ಲ ನೋಡ" ಎಂದೆ ನಾನು, ಮಾತಿಗೆ ಮಾತು.

ಅವಳು ಬೋರ್ಡನ್ನೇ ನೋಡುತ್ತಿದ್ದಳು. ಗಿರಣಿಯ ಸದ್ದು, ಹಿಟ್ಟಿನ ಧೂಳು. ನನ್ನ ಪಾಳಿ ಬಂತು, ಅವಳ ಪಾಳಿಯೂ ಬಂತು, ಹಿಟ್ಟಿನ ಡಬ್ಬಿ ತಲೆಯ ಮೇಲೆ ಇಟ್ಟುಕೊಂಡಳು. ಅರ್ಧ ದಾರಿಯಲ್ಲಿ ತಟ್ಟನೆ ನಿಂತಳು.

"ನಿಪ್ಪಾಣಿ" ಎಂದಳು.

"ಏನಾತ ನಿಪ್ಪಾಣಿಗಿ?"

"ಊರಿನ ಚೌಕದಾಗ ನಿಪ್ಪಾಣಿ ಅಂತ ಎಷ್ಟೋ ಮಂದಿ ಬರದಾರಲ್ಲ ಮಾವಶಿ. ಎಲ್ಲಾರದ್ದೂ ಕಸ ಒಂದs ನಮೂನಿ ಐತೇನೋ ನೋಡಬೇಕು."

ಮನೆಗೆ ಬಂದು ಹಿಟ್ಟಿನ ಡಬ್ಬಿಯನ್ನು ಇಳಿಸಿದ ಹಾಗೆಯೇ ಕೂತು ನೋಡಿದಳು. ಎಲ್ಲ ನಿಪ್ಪಾಣಿಯೂ ಒಂದೇ ಇರುವೆ ಸಾಲು, ಒಂದು ಗೀರೂ ಹೆಚ್ಚುಕಡಿಮೆ ಇಲ್ಲ. ಏಕಸಂಬಿಯವರದ್ದು ಬೇರೆ, ಆದರೆ ಏಕಸಂಬಿಯವರೆಲ್ಲರದೂ ಒಂದೇ. ಅಥಣಿಯೂ ಹಾಗೆಯೇ. ಅವಳ ಕೈಯ ಹಿಟ್ಟು ಕೀಲಿಮಣೆಯ ಮೇಲೆಲ್ಲ ಹತ್ತಿತ್ತು.

"ಹೋಗಿಲ್ಲ ಮಾವಶಿ. ಏನೂ ಹೋಗಿಲ್ಲ. ಇದು ಅಬ್ಬಾನಂಗ ಮಾಡೇತಿ. ಓದಾಕ ಬರದಿದ್ರೂ ಒಂದು ಅಂಕೀನೂ ಬಿಡದಂಗ ಇಟಗೊಂಡೈತಿ. ತನಗ ತಿಳೀಲಾರದ್ದನ್ನ ಒಗದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರ ಮುಗದಿತ್ತು. ಆವಾಗ ಹುಡುಕಾಕ ಏನೂ ಉಳೀತಿರಲಿಲ್ಲ."

ಮಾಡಬೇಕಾದದ್ದು ಇಷ್ಟೇ ಎಂದಳು. ಪರದೇಶದ ಒಂದೊಂದು ಅಕ್ಷರವನ್ನೂ ಅದರ ಅಂಕಿಗೆ ತಿರುಗಿಸುವುದು, ಆ ಅಂಕಿಗಳನ್ನು ಹೊಸದಾಗಿ, ಈ ಸಲ ಯುಟಿಎಫ್-8 ಎಂದು ಮೊದಲೇ ಹೇಳಿ, ಮೂರು ಮೂರು ಕೂಡಿಸಿ ಓದುವುದು. ಹೊಲಿಗೆ ಬಿಚ್ಚಿ ಅದೇ ಬಟ್ಟೆಯನ್ನು ಸರಿಯಾಗಿ ಹೊಲಿದ ಹಾಗೆ. ಮೊದಲು ಸುಮ್ಮನೆ ಒಂದು ಊರಿನ ಹೆಸರಿನ ಮೇಲೆ ಮಾಡಿ ನೋಡಿದಳು. ಪರದೆಯ ಮೇಲೆ ನಿಪ್ಪಾಣಿ ಎಂದು ಬಂತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಒತ್ತಕ್ಷರ ಇದ್ದರೂ ನಿಲ್ಲಲಿಲ್ಲ.

ಆಮೇಲೆ ತಾಯಿಯ ಒಡಪುಗಳನ್ನು ತೆಗೆದುಕೊಂಡಳು.

ಅವು ಬಂದ ಮೇಲೆ ತಬಸ್ಸುಮ ತಕ್ಷಣ ಓದಲಿಲ್ಲ. ಮೊದಲು ಶ್ರೇಣಿಕನಿಗೆ ಫೋನ್ ಮಾಡಿದಳು. "ಅಣ್ಣಾ, ಕಸ ಅಲ್ಲ, ಧಾನ್ಯ ಐತಿ. ಎಲ್ಲಾರದ್ದೂ ಬರತೈತಿ" ಎಂದಳು. ಆ ಕಡೆಯಿಂದ ಅವನು ಏನೋ ಕೂಗಿದ, ಅವಳು ನಕ್ಕಳು. ಸೀಮಾಳನ್ನು ಕರೆಸಿದಳು. ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡು, ತಾಯಿಯ ಬೆನ್ನಿಗೆ ದಿಂಬು ಇಟ್ಟು ಎಬ್ಬಿಸಿ ಕೂರಿಸಿದಳು. ಸೆರಗನ್ನು ಎಡಗೈಗೆ ಸಿಗುವ ಹಾಗೆ ಸರಿಮಾಡಿದಳು. ನಾನು ಹಾಸಿಗೆಯ ತುದಿಯಲ್ಲಿ ಕೂತೆ. ನಾಲ್ಕು ಹೆಂಗಸರು, ಮಧ್ಯದಲ್ಲಿ ಲ್ಯಾಪ್‌ಟಾಪು. ಒಂದು ಗಳಿಗೆ ನನಗೆ ಎಲೆಯ ಬುಟ್ಟಿಯೇ ಮಧ್ಯದಲ್ಲಿ ಇದ್ದ ಹಾಗೆ ಅನ್ನಿಸಿತು.

"ಅಮ್ಮಿ, ನೀ ಬರಸಿದ್ದು ಓದ್ತೀನಿ" ಎಂದು ತಬಸ್ಸುಮ ಓದಿದಳು:

"ನಿಪ್ಪಾಣಿ ಪ್ಯಾಟ್ಯಾಗ ಬೋರ್ಡ ನೂರಾರು,
ಓದಾಕ ಬರದಿದ್ರೂ ಬರದವರು ನಮ್ಮ..."

ಅಲ್ಲಿ ನಿಂತಳು. ತಂದೆಯ ಹೆಸರು ಅವಳ ಬಾಯಿಗೆ ಬರಲಿಲ್ಲ. ಒಡಪಿನ ತುದಿಯ ಹೆಸರು ಹೆಂಡತಿ ಹೇಳಬೇಕಾದದ್ದು, ಬೇರೆಯವರು ಹೇಳುವ ಪದ್ಧತಿಯೂ ಇಲ್ಲ. ಸೀಮಾ ನನ್ನನ್ನು ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಹೆಸರು ಪರದೆಯ ಮೇಲೆ ಕನ್ನಡದಲ್ಲಿ, ಚುಕ್ಕೆ ಗೆರೆ ತಪ್ಪದೆ, ಇತ್ತು.

ಶಹಜಾದಬಿಯ ತುಟಿಯ ಎಡಭಾಗ ಅಲುಗಿತು. ದನಿ ಬರಲಿಲ್ಲ. ಆದರೆ ಎಡಗೈ ಎದ್ದಿತು, ಸೆರಗನ್ನು ಹುಡುಕಿತು, ಹಿಡಿಯಿತು, ನಿಧಾನವಾಗಿ ಎಳೆದು ಮುಖದ ಮೇಲೆ ತಂದಿತು. ಮೊದಲು ಅಳುತ್ತಿದ್ದಾಳೆ ಎಂದುಕೊಂಡು ನಾನು ಎದ್ದೆ. ಆಮೇಲೆ ಅವಳ ಭುಜ ನೋಡಿದೆ. ಅಲುಗುತ್ತಿದ್ದ ರೀತಿ ನನಗೆ ಗೊತ್ತಿತ್ತು. ಕಟ್ಟೆಯ ಮೇಲೆ ಎಷ್ಟು ಸಲ ನೋಡಿದ್ದೇನೆ.

"ಪದ್ಧತಿ ಇಲ್ಲೋ, ನಾಚಿಕಿ ಬರತೈತೋ?" ಎಂದು ಕೇಳಿದೆ.

ಸೆರಗಿನೊಳಗೆ ಭುಜ ಇನ್ನೂ ಜೋರಾಗಿ ಅಲುಗಿತು. ಸೀಮಾ ಬಾಯಿ ಮುಚ್ಚಿಕೊಂಡು ನಕ್ಕಳು. ತಬಸ್ಸುಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಅಮ್ಮಿ, ಎರಡನೇದು ಓದಲೇನು?"

ಸೆರಗು ಕೆಳಗೆ ಇಳಿಯಲಿಲ್ಲ. ಅದರೊಳಗಿಂದಲೇ ತಲೆ ಹೂಂ ಎಂದು ಆಡಿತು.